ಯೀಸ್ಟ್ ಇಲ್ಲದ ಬ್ರೆಡ್‌ನಲ್ಲಿ ಗ್ಲುಟೆನ್ ಇರುವುದಿಲ್ಲವೇ? ಐರಿಶ್ ಸೋಡಾ ಬ್ರೆಡ್‌ನ ವಾಸ್ತವವೇನು?

"ಯೀಸ್ಟ್ ಹಾಕಿಲ್ಲ, ಹಾಗಾಗಿ ಗ್ಲುಟೆನ್ ಇಲ್ಲ, ಯಾರು ಬೇಕಾದರೂ ತಿನ್ನಬಹುದು." ಐರ್ಲೆಂಡ್‌ನ ಸೋಡಾ ಬ್ರೆಡ್ ಬಗ್ಗೆ ಹೀಗೆ ಯಾರಾದರೂ ಕಳಿಸಿದರೆ ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ. ಯೀಸ್ಟ್ ಇಲ್ಲ ಎಂಬುದು ನಿಜ. ಉಳಿದದ್ದು ತಪ್ಪು.

ಏನಿದು ಸೋಡಾ ಬ್ರೆಡ್?

ಗೋಧಿ ಹಿಟ್ಟು, ಅಡುಗೆ ಸೋಡಾ, ಉಪ್ಪು, ಮಜ್ಜಿಗೆ, ಇಷ್ಟೇ. ಅಡುಗೆ ಸೋಡಾ ಬಳಕೆಗೆ ಬಂದಿದ್ದೇ 19ನೇ ಶತಮಾನದಲ್ಲಿ. ಹಾಗಾಗಿ ಇದು ಸಾವಿರಾರು ವರ್ಷ ಹಳೆಯ ತಿನಿಸೇನೂ ಅಲ್ಲ. ಐರ್ಲೆಂಡ್‌ನ ತಂಪು, ತೇವದ ಹವೆಗೆ ಒಗ್ಗುವ ಮೃದು ಗೋಧಿಯಲ್ಲಿ ಗ್ಲುಟೆನ್ ಕಡಿಮೆ. ಯೀಸ್ಟ್ ಬ್ರೆಡ್ ಚೆನ್ನಾಗಿ ಉಬ್ಬಲು ಅದು ಸಾಲದು. ಬೆಣ್ಣೆ ಕಡೆದ ಮಜ್ಜಿಗೆ ಹಳ್ಳಿಮನೆಗಳಲ್ಲಿ ಇದ್ದೇ ಇರುತ್ತಿತ್ತು. ಓವನ್ ಇಲ್ಲದವರು 'ಬ್ಯಾಸ್ಟಿಬಲ್' ಎಂಬ ಕಬ್ಬಿಣದ ಪಾತ್ರೆಯನ್ನು ಬೆಂಕಿಯ ಮೇಲೆ ತೂಗುಹಾಕಿ, ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುತ್ತಿದ್ದರು.

ಯೀಸ್ಟ್ ಇಲ್ಲದೆ ಉಬ್ಬುವುದು ಹೇಗೆ?

ಮಜ್ಜಿಗೆಯ ಲ್ಯಾಕ್ಟಿಕ್ ಆಮ್ಲ ಸೋಡಾ ಜೊತೆ ಸೇರಿದಾಗ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳು ಏಳುತ್ತವೆ. ನಮ್ಮ ಮಂಗಳೂರು ಬನ್ಸ್‌ನಲ್ಲಿ ಮೊಸರು, ಸೋಡಾ ಮಾಡುವ ಕೆಲಸವೂ ಇದೇ. ಗುಳ್ಳೆಗಳು ತಕ್ಷಣ ಏಳುವುದರಿಂದ ಹಿಟ್ಟನ್ನು ಹೆಚ್ಚು ನಾದದೆ ಬೇಗ ಬೇಯಿಸಬೇಕು. ಸೋಡಾ ಹೆಚ್ಚಾದರೆ ಸಾಬೂನಿನಂಥ ರುಚಿ ಬರುತ್ತದೆ.

ಮೇಲೆ ಕೊಯ್ಯುವ ಶಿಲುಬೆ ಗುರುತಿನಿಂದ ಯಕ್ಷಿಣಿಯರು ಹೊರಹೋಗುತ್ತಾರೆ ಎಂಬ ನಂಬಿಕೆ ಅಲ್ಲಿದೆ. ಆದರೆ ದಪ್ಪನೆಯ ನಡುಭಾಗಕ್ಕೂ ಬಿಸಿ ತಲುಪಲು, ನಾಲ್ಕು ತುಂಡು ಮಾಡಲು ಆ ಗೀಟು ನೆರವಾಗುತ್ತದೆ.

ಆರೋಗ್ಯಕ್ಕೆ ಸಂಬಂಧಿಸಿದ್ದೇನು?

ಗ್ಲುಟೆನ್ ಇರುವುದು ಗೋಧಿಯಲ್ಲಿ, ಯೀಸ್ಟ್‌ನಲ್ಲಲ್ಲ. ಮೃದು ಗೋಧಿಯಲ್ಲಿ ಕಡಿಮೆ ಇದ್ದರೂ ಇದ್ದೇ ಇರುತ್ತದೆ. ಸೀಲಿಯಾಕ್ ಕಾಯಿಲೆ ಇರುವವರು ಫಾರ್ವರ್ಡ್ ನಂಬಿ ಇದನ್ನು ತಿಂದರೆ ಸಣ್ಣ ಕರುಳಿಗೆ ಹಾನಿಯಾಗುತ್ತದೆ.

ಬಿಪಿ ಇರುವವರು ಇನ್ನೊಂದು ಲೆಕ್ಕ ಗಮನಿಸಬೇಕು. ಒಂದು ಟೀ ಚಮಚ ಅಡುಗೆ ಸೋಡಾದಲ್ಲಿ ಸುಮಾರು 1,200 ಮಿಲಿಗ್ರಾಂ ಸೋಡಿಯಂ ಇದೆ. ಒಂದು ಬ್ರೆಡ್‌ಗೆ ಅಷ್ಟು ಹಾಕಿ, ಅದರ ಕಾಲು ಭಾಗ ತಿಂದರೆ ಸೋಡಾದಿಂದಲೇ 300 ಮಿಲಿಗ್ರಾಂ. ಉಪ್ಪಿನದ್ದು ಬೇರೆ. ವಯಸ್ಕರಿಗೆ ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಒಟ್ಟಾರೆ ಹೇಳುವುದಾದರೆ

ಸೋಡಾ ಬ್ರೆಡ್ ಸರಳ, ರುಚಿಕರ ಮನೆ ತಿನಿಸು. ಆದರೆ 'ಯೀಸ್ಟ್ ಇಲ್ಲ' ಎಂದರೆ 'ಗ್ಲುಟೆನ್ ಇಲ್ಲ' ಎಂದಲ್ಲ. ಸೀಲಿಯಾಕ್ ಇರುವವರು ನಿಮ್ಮ ಗ್ರೂಪ್‌ನಲ್ಲೂ ಇರಬಹುದು. ಮುಂದೆ ಕಳಿಸುವ ಮೊದಲು ಯಾವ ಹಿಟ್ಟು ಎಂದು ನೋಡಿ.