ಪಾರ್ಟಿಷನ್ ಕೆಟ್ಟರೆ ಫಾರ್ಮ್ಯಾಟೇ ಮದ್ದೆ?

ಡಿಸ್ಕಿನ ಪಾರ್ಟಿಷನ್ನುಗಳನ್ನು ಬದಲಿಸಿದ ಮೇಲೆ ಕಂಪ್ಯೂಟರು ಏಳದೆ ಹೋಗುವುದು ವಿದ್ಯಾರ್ಥಿಗಳಲ್ಲಿ ಅಪರೂಪದ ಸಂಗತಿಯೇನೂ ಅಲ್ಲ. ಒಂದೇ ಯಂತ್ರದಲ್ಲಿ ವಿಂಡೋಸನ್ನೂ ಲಿನಕ್ಸನ್ನೂ ಇಟ್ಟುಕೊಂಡು ಕಲಿಯಬೇಕೆಂಬ ಹಂಬಲ ಒಳ್ಳೆಯದೇ. ಆದರೆ ಕೆಲವು ತಿಂಗಳು ಕಳೆದ ಬಳಿಕ, ಸ್ಥಳ ಸಾಲದೆಂದು ಒಂದು ಪಾರ್ಟಿಷನ್ನನ್ನು ಅಳಿಸಿ, ಮತ್ತೊಂದನ್ನು ಹಿಗ್ಗಿಸಿ, ಯಂತ್ರವನ್ನು ಮರಳಿ ಚಾಲೂ ಮಾಡಿದರೆ ಕರಿಯ ಪರದೆಯ ಮೇಲೆ ಒಂದೆರಡು ಸಾಲು ಕಾಣಿಸಿಕೊಂಡು ಎಲ್ಲವೂ ನಿಂತುಬಿಡುತ್ತದೆ. ಗಾಬರಿಗೊಂಡ ವಿದ್ಯಾರ್ಥಿ ಯಂತ್ರವನ್ನು ಚೀಲಕ್ಕೆ ಸೇರಿಸಿಕೊಂಡು ರಿಪೇರಿ ಅಂಗಡಿಗೆ ಓಡುತ್ತಾನೆ. ಅಲ್ಲಿ ದೊರೆಯುವ ಉತ್ತರವನ್ನು ನಾವು ಹಲವು ಸಲ ಕೇಳಿದ್ದೇವೆ: “ಫಾರ್ಮ್ಯಾಟ್ ಮಾಡಬೇಕು. ಒಳಗಿರೋದೆಲ್ಲ ಹೋಗುತ್ತೆ, ಪರವಾಗಿಲ್ವಾ?”

ಪರವಾಗಿಲ್ಲವೆಂದು ತಲೆಯಾಡಿಸುವ ಮುಂಚೆ ಆ ಡಿಸ್ಕಿನಲ್ಲಿ ಏನಿದೆ ಎಂಬುದನ್ನು ಸ್ವಲ್ಪ ನೆನೆಯೋಣ. ಕೊನೆಯ ವರ್ಷದ ಪ್ರಾಜೆಕ್ಟ್ ವರದಿ, ಎರಡು ಸೆಮಿಸ್ಟರುಗಳ ಪ್ರಯೋಗದ ಲೆಕ್ಕಗಳು, ಅಕ್ಕನ ಮದುವೆಯ ಚಿತ್ರಗಳು, ಈಗ ಇಲ್ಲದ ಅಜ್ಜನ ಧ್ವನಿ. ಇವುಗಳಿಗೆ ಎರಡನೆಯ ಪ್ರತಿ ಇರಬೇಕೆಂಬುದು ನಿಜ. ಎಷ್ಟು ಮನೆಗಳಲ್ಲಿ ಇದೆ ಎಂಬುದು ಬೇರೆಯ ಮಾತು. ಪಾರ್ಟಿಷನ್ ಬದಲಾವಣೆಯಿಂದ ಏಳದೆ ನಿಂತ ಯಂತ್ರಕ್ಕೆ ಫಾರ್ಮ್ಯಾಟ್ ಎಂಬ ಚಿಕಿತ್ಸೆ ಬಹುಪಾಲು ಅನಾವಶ್ಯಕವೆಂದೂ, ಇಲ್ಲಿ ರೋಗಕ್ಕಿಂತ ಮದ್ದೇ ಹೆಚ್ಚು ಹಾನಿಕರವೆಂದೂ ನಮ್ಮ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ಕಾರಣವೇನೆಂದು ತಿಳಿಯಬೇಕಾದರೆ ಯಂತ್ರವು ಹೇಗೆ ಏಳುತ್ತದೆ ಎಂಬುದನ್ನು ಮೊದಲು ನೋಡಬೇಕು.

ಎಂಥ ನುರಿತ ನಟನೂ ತನ್ನ ಹೆಗಲ ಮೇಲೆ ತಾನೇ ಏರಲಾರನೆಂದು ನಮ್ಮ ತಾರ್ಕಿಕರು ಹೇಳುತ್ತಿದ್ದರು. ಕಂಪ್ಯೂಟರಿಗೆ ಒದಗುವ ತೊಡಕು ಇದೇ. ಡಿಸ್ಕಿನಿಂದ ಕಾರ್ಯಕ್ರಮವನ್ನು ಓದಿಕೊಳ್ಳುವುದಕ್ಕೆ ಒಂದು ಕಾರ್ಯಕ್ರಮ ಬೇಕು; ಆ ಕಾರ್ಯಕ್ರಮವೇ ಡಿಸ್ಕಿನಲ್ಲಿದೆ! ಆದುದರಿಂದ ಕೆಲಸವನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡುತ್ತಾರೆ. ಮುಖ್ಯ ಫಲಕದ ಮೇಲಿನ ಒಂದು ಚಿಪ್ಪಿನಲ್ಲಿ ಶಾಶ್ವತವಾಗಿ ನೆಲಸಿರುವ ಕಿರಿಯ ಕಾರ್ಯಕ್ರಮವು ಮೊದಲು ಎಚ್ಚರಗೊಳ್ಳುತ್ತದೆ. ಅದು ಡಿಸ್ಕಿನ ಗೊತ್ತಾದ ಒಂದು ಸ್ಥಳದಿಂದ ಚಿಕ್ಕದೊಂದು ತುಣುಕನ್ನು ಎತ್ತಿಕೊಂಡು ಅದಕ್ಕೆ ಅಧಿಕಾರವನ್ನು ಒಪ್ಪಿಸುತ್ತದೆ. ಆ ತುಣುಕು ತನಗಿಂತ ದೊಡ್ಡದನ್ನು ಕರೆಯುತ್ತದೆ. ದೊಡ್ಡದು ವಿಂಡೋಸನ್ನೋ ಲಿನಕ್ಸನ್ನೋ ಕರೆಯುತ್ತದೆ. ಪ್ರತಿಯೊಂದು ಮೆಟ್ಟಿಲಿಗೂ ಮುಂದಿನ ಮೆಟ್ಟಿಲು ಎಲ್ಲಿದೆ ಎಂಬ ವಿಳಾಸ ಮಾತ್ರ ಗೊತ್ತು. ಈ ವಿಳಾಸಗಳಲ್ಲಿ ಒಂದು ತಪ್ಪಿದರೂ ಸಾಕು, ಉಳಿದುದೆಲ್ಲ ನೆಟ್ಟಗಿದ್ದರೂ ಯಂತ್ರವು ಏಳದು.

ಇನ್ನು ಪಾರ್ಟಿಷನ್ ಎಂದರೇನು? ಐಬಿಎಂ ಸಂಸ್ಥೆಯು ೧೯೮೩ರಲ್ಲಿ ಹಾರ್ಡ್ ಡಿಸ್ಕ್ ಸಹಿತವಾದ ತನ್ನ ಪಿಸಿ ಎಕ್ಸ್‌ಟಿ ಯಂತ್ರವನ್ನು ಹೊರತಂದಾಗ ರೂಢಿಗೆ ಬಂದ ಏರ್ಪಾಟು ಬಹು ಸರಳವಾದದ್ದು. ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನಲ್ಲಿ ೫೧೨ ಬೈಟುಗಳು. ಅದರಲ್ಲಿ ೪೪೬ ಬೈಟುಗಳು ಮೇಲೆ ಹೇಳಿದ ಚಿಕ್ಕ ತುಣುಕಿಗೆ ಮೀಸಲು. ಕೊನೆಯ ಎರಡು ಬೈಟುಗಳು ಬರಿಯ ಮುದ್ರೆ. ನಡುವೆ ಉಳಿಯುವ ೬೪ ಬೈಟುಗಳೇ ಪಾರ್ಟಿಷನ್ ಪಟ್ಟಿ: ಒಂದೊಂದಕ್ಕೆ ೧೬ ಬೈಟುಗಳಂತೆ ನಾಲ್ಕು ದಾಖಲೆಗಳು. ಈ ಭಾಗ ಎಲ್ಲಿ ಆರಂಭವಾಗುತ್ತದೆ, ಅದರಲ್ಲಿ ಎಷ್ಟು ಸೆಕ್ಟರುಗಳಿವೆ, ಅದು ಯಾವ ಬಗೆಯದು, ಏಳುವಾಗ ನೋಡಬೇಕಾದದ್ದು ಇದೇಯೋ ಅಲ್ಲವೋ — ದಾಖಲೆಯಲ್ಲಿ ಇರುವುದು ಇಷ್ಟೇ. ಸಾವಿರ ಕೋಟಿ ಬೈಟುಗಳ ಪಾರ್ಟಿಷನ್ನೊಂದನ್ನು “ಅಳಿಸಿದಾಗ” ಆ ಪಟ್ಟಿಯಲ್ಲಿ ಅಳಿಯುವುದು ಈ ೧೬ ಬೈಟುಗಳು.

ಜಮೀನಿನ ಕಾಗದಪತ್ರಗಳನ್ನು ಬಲ್ಲ ಮನೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಸರ್ವೆ ನಂಬರನ್ನು ಪೋಡಿ ಮಾಡಿ ನಾಲ್ವರು ಅಣ್ಣತಮ್ಮಂದಿರಿಗೆ ಹಂಚಿದರೆಂದು ಇಟ್ಟುಕೊಳ್ಳೋಣ. ಕಚೇರಿಯ ನಕ್ಷೆಯಲ್ಲಿ ಯಾರೋ ಒಂದು ಗೆರೆಯನ್ನು ಅಳಿಸಿದರೆ ಹೊಲದಲ್ಲಿ ತೆನೆಬಿಟ್ಟು ನಿಂತ ರಾಗಿ ಅಳಿದೀತೆ? ಇಲ್ಲ. ಆದರೆ ನಕ್ಷೆಯನ್ನೇ ನಂಬಿದವನೊಬ್ಬನು ಇದು ಯಾರದೂ ಅಲ್ಲದ ಬಯಲೆಂದು ಬಗೆದು ಉಳುವುದಕ್ಕೆ ತೊಡಗಿದರೆ ರಾಗಿ ನಿಜವಾಗಿಯೂ ಹೋಗುತ್ತದೆ. ಫಾರ್ಮ್ಯಾಟ್ ಎಂಬುದು ಈ ಉಳುಮೆ. ಅಂಗಡಿಗಳಲ್ಲಿ ಮಾಡುವ ತ್ವರಿತ ಫಾರ್ಮ್ಯಾಟು ಹೊಲದ ಅಂಚನ್ನು ಮಾತ್ರ ಕೆದಕುತ್ತದೆ ಎನ್ನಬಹುದು. ಅದರ ಮೇಲೆ ಹೊಸ ವಿಂಡೋಸನ್ನು ಬಿತ್ತಿದಾಗ, ಬಿತ್ತಿದಷ್ಟು ನೆಲದ ಹಳೆಯ ಪೈರು ತಿರುಗಿ ಬಾರದಂತೆ ನಾಶವಾಗುತ್ತದೆ.

ಸಾಮಾನ್ಯವಾದ ಒಂದು ಪ್ರಸಂಗವನ್ನೇ ತೆಗೆದುಕೊಳ್ಳೋಣ. ಹಳೆಯ ಬಗೆಯ ಯಂತ್ರವೊಂದರಲ್ಲಿ ವಿಂಡೋಸಿನ ಜೊತೆಗೆ ಲಿನಕ್ಸನ್ನು ಹಾಕಿದಾಗ, ಗ್ರಬ್ ಎಂಬ ಕಾರ್ಯಕ್ರಮವು ಬಂದು ಮೊದಲ ಸೆಕ್ಟರಿನ ೪೪೬ ಬೈಟುಗಳ ಜಾಗದಲ್ಲಿ ಕುಳಿತುಕೊಳ್ಳುತ್ತದೆ. ಆದರೆ ಅದರ ತಲೆ ಮಾತ್ರ ಅಲ್ಲಿ. ಶರೀರದ ಬಹುಭಾಗ ಲಿನಕ್ಸಿನ ಪಾರ್ಟಿಷನ್ನಿನೊಳಗೆ. ವಿದ್ಯಾರ್ಥಿ ಒಂದು ದಿನ ವಿಂಡೋಸಿನಲ್ಲಿ ಕುಳಿತು ಲಿನಕ್ಸಿನ ಪಾರ್ಟಿಷನ್ನನ್ನು ಅಳಿಸುತ್ತಾನೆ. ಮರುದಿನ ತಲೆಯು ಎಚ್ಚರಗೊಂಡು ಶರೀರವನ್ನು ಹುಡುಕುತ್ತದೆ, ಕಾಣದೆ “ನೋ ಸಚ್ ಪಾರ್ಟಿಷನ್” ಎಂದು ಹೇಳಿ “ಗ್ರಬ್ ರೆಸ್ಕ್ಯೂ” ಎಂಬ ಸಾಲಿನಲ್ಲಿ ನಿಲ್ಲುತ್ತದೆ. ಇಲ್ಲಿ ವಿಂಡೋಸಿಗೆ ಒಂದು ಕೂದಲಷ್ಟೂ ಕೊಂಕಿಲ್ಲ. ಅದನ್ನು ಕರೆಯುವವರಿಲ್ಲ, ಅಷ್ಟೆ. ವಿಂಡೋಸಿನ ಅನುಸ್ಥಾಪನೆಯ ಪೆನ್ ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ದುರಸ್ತಿಯ ವಿಭಾಗದಲ್ಲಿ ಬೂಟ್‌ರೆಕ್ ಎಂಬ ಉಪಕರಣಕ್ಕೆ ಫಿಕ್ಸ್‌ಎಂಬಿಆರ್ ಎಂಬ ಆಜ್ಞೆಯನ್ನು ಕೊಟ್ಟರೆ ಅದು ಪಟ್ಟಿಯನ್ನು ಮುಟ್ಟದೆ ಆ ಚಿಕ್ಕ ತುಣುಕನ್ನು ಮಾತ್ರ ಮರಳಿ ಬರೆಯುತ್ತದೆ. ಕೆಲವೇ ನಿಮಿಷಗಳ ಕೆಲಸ. ಇದಕ್ಕಾಗಿ ಇಡೀ ಡಿಸ್ಕನ್ನು ಉಳುವುದು ನ್ಯಾಯವೆ?

ಇದಕ್ಕಿಂತ ಸ್ವಾರಸ್ಯವಾದ ಇನ್ನೊಂದು ಪ್ರಸಂಗವುಂಟು. ನಾಲ್ಕೇ ದಾಖಲೆಗಳು ಸಾಲದೆಂದು ಒಂದು ದೊಡ್ಡ ಪಾರ್ಟಿಷನ್ನಿನ ಒಳಗೆ ಉಪವಿಭಾಗಗಳನ್ನು ಮಾಡುವ ಉಪಾಯವನ್ನು ಕಂಡುಹಿಡಿದರಷ್ಟೆ. ಲಿನಕ್ಸು ಈ ಉಪವಿಭಾಗಗಳನ್ನು ೫ರಿಂದ ಎಣಿಸುತ್ತದೆ. ಈಗ ೫ನೆಯದನ್ನು ಅಳಿಸಿದರೆ ೬ನೆಯದೇ ೫ನೆಯದಾಗುತ್ತದೆ. ಅದರ ಒಂದು ಬೈಟೂ ಕದಲಿರುವುದಿಲ್ಲ. ಮನೆ ಅಲ್ಲಿಯೇ ಇದೆ, ಬಾಗಿಲ ಮೇಲಿನ ನಂಬರು ಮಾತ್ರ ಬದಲಾಗಿದೆ. ಗ್ರಬ್ ಹಳೆಯ ನಂಬರಿನ ಮನೆಯನ್ನು ಹುಡುಕಿ ಸೋಲುತ್ತದೆ. ಆ ಕರಿಯ ಪರದೆಯಲ್ಲಿಯೇ ಎಲ್‌ಎಸ್ ಎಂಬ ಎರಡಕ್ಷರದ ಆಜ್ಞೆಯನ್ನು ಕೊಟ್ಟು ಯಾವ ಯಾವ ಪಾರ್ಟಿಷನ್ನುಗಳಿವೆಯೆಂದು ನೋಡಬಹುದು. ಒಂದೊಂದನ್ನೇ ಇಣಿಕಿ ಗ್ರಬ್ ಎಂಬ ಕಡತಕೋಶ ಎಲ್ಲಿದೆಯೆಂದು ಕಂಡುಕೊಂಡು, ಪ್ರಿಫಿಕ್ಸ್ ಎಂಬ ಹೆಸರಿಗೆ ಆ ಹೊಸ ವಿಳಾಸವನ್ನು ತಿಳಿಸಿ, ನಾರ್ಮಲ್ ಎಂಬ ಭಾಗವನ್ನು ಕರೆದರೆ ಪರಿಚಿತವಾದ ಪಟ್ಟಿಯು ಮತ್ತೆ ಮೂಡುತ್ತದೆ. ಒಳಕ್ಕೆ ಹೋದ ಮೇಲೆ ಗ್ರಬ್ಬನ್ನು ಮರಳಿ ಸ್ಥಾಪಿಸಿದರೆ ಹೊಸ ವಿಳಾಸವು ಸ್ಥಿರವಾಗುತ್ತದೆ. ಲಿನಕ್ಸಿನವರು ಈಗ ಪಾರ್ಟಿಷನ್ನುಗಳನ್ನು ಬರಿಯ ನಂಬರಿನಿಂದ ಕರೆಯದೆ, ಪ್ರತಿಯೊಂದಕ್ಕೂ ಒದಗಿಸಿರುವ ಉದ್ದವಾದ ವಿಶಿಷ್ಟ ಗುರುತಿನಿಂದ ಕರೆಯುವುದಕ್ಕೆ ಇಂಥ ತೊಂದರೆಗಳೇ ಕಾರಣ.

ಹೊಸ ಯಂತ್ರಗಳಲ್ಲಿ ಏರ್ಪಾಟು ಬೇರೆ. ೩೨ ಬಿಟ್ಟುಗಳಲ್ಲಿ ಸೆಕ್ಟರುಗಳನ್ನು ಎಣಿಸುತ್ತಿದ್ದ ಹಳೆಯ ಪಟ್ಟಿಗೆ, ೫೧೨ ಬೈಟುಗಳ ಸೆಕ್ಟರುಗಳಿರುವಲ್ಲಿ, ಸುಮಾರು ೨ ಟೆರಾಬೈಟಿನಿಂದಾಚೆಗೆ ಕಣ್ಣು ಕಾಣದು. ಅದರ ಸ್ಥಾನಕ್ಕೆ ಬಂದ ಜಿಪಿಟಿ ಎಂಬ ಪಟ್ಟಿಯಲ್ಲಿ ಸಾಧಾರಣವಾಗಿ ೧೨೮ ದಾಖಲೆಗಳಿಗೆ ಅವಕಾಶವುಂಟು. ಅದಕ್ಕಿಂತ ಮೆಚ್ಚತಕ್ಕ ಸಂಗತಿಯೆಂದರೆ, ಪಟ್ಟಿಯ ಒಂದು ಪ್ರತಿ ಡಿಸ್ಕಿನ ಆರಂಭದಲ್ಲಿಯೂ ಇನ್ನೊಂದು ಅದರ ತುದಿಯಲ್ಲಿಯೂ ಇರುತ್ತದೆ. ಬರವಣಿಗೆ ಕೆಟ್ಟಿದೆಯೆ ಎಂದು ತಿಳಿಯಲು ತಾಳೆಯ ಸಂಖ್ಯೆಯೂ ಇದೆ. ಏಳಿಸುವ ತುಣುಕುಗಳು ಈಗ ಮೊದಲ ಸೆಕ್ಟರಿನಲ್ಲಿ ಇಕ್ಕಟ್ಟಾಗಿ ಕೂರದೆ, ಇಎಫ್‌ಐ ಸಿಸ್ಟಮ್ ಪಾರ್ಟಿಷನ್ ಎಂಬ ಪ್ರತ್ಯೇಕವಾದ ಚಿಕ್ಕ ವಿಭಾಗದಲ್ಲಿ ಸಾಮಾನ್ಯ ಕಡತಗಳಂತೆ ಇರುತ್ತವೆ. ಇಲ್ಲಿ ಲಿನಕ್ಸನ್ನು ಅಳಿಸಿ ಸಿಕ್ಕಿಬಿದ್ದವನು, ಯಂತ್ರ ಏಳುವಾಗ ಬೂಟ್ ಪಟ್ಟಿಯನ್ನು ತೆರೆದು ವಿಂಡೋಸ್ ಬೂಟ್ ಮ್ಯಾನೇಜರನ್ನು ಆರಿಸಿದರೆ ಬಹುಮಟ್ಟಿಗೆ ಸಾಕಾಗುತ್ತದೆ.

ಆದರೆ ಈ ಚಿಕ್ಕ ವಿಭಾಗವೇ ಹೊಸದೊಂದು ಅಪಾಯಕ್ಕೆ ಎಡೆಮಾಡಿಕೊಟ್ಟಿದೆ. ಅದಕ್ಕೆ ಸಿ, ಡಿ ಎಂಬ ಅಕ್ಷರವಿಲ್ಲ. ಗಾತ್ರ ಕೆಲವು ನೂರು ಮೆಗಾಬೈಟುಗಳಷ್ಟು. ನೋಡಿದವನಿಗೆ ಯಾರೋ ಮರೆತುಬಿಟ್ಟ ಚೂರಿನಂತೆ ತೋರುತ್ತದೆ. ಜಾಗ ಉಳಿಸುವ ಉತ್ಸಾಹದಲ್ಲಿ ಅದನ್ನು ಅಳಿಸಿದರೆ ಯಂತ್ರಕ್ಕೆ ಏಳುವ ದಾರಿಯೇ ಇಲ್ಲ. ಈ ವಿಷಯದಲ್ಲಿ ವಿದ್ಯಾರ್ಥಿಯನ್ನು ಮಾತ್ರ ದೂರುವುದು ಸರಿಯಲ್ಲ. ಇದನ್ನು ತೆಗೆದರೆ ಯಂತ್ರ ಏಳದು ಎಂದು ಒಂದು ಸಾಲಿನಲ್ಲಿ ಎಚ್ಚರಿಸುವುದು ಪಾರ್ಟಿಷನ್ ಉಪಕರಣಗಳನ್ನು ರಚಿಸುವವರಿಗೆ ಕಷ್ಟದ ಕೆಲಸವಲ್ಲ. ಎಲ್ಲರೂ ಅದನ್ನು ಮಾಡುವುದಿಲ್ಲ. ಪುಣ್ಯವಶಾತ್ ಇದಕ್ಕೂ ಮದ್ದಿದೆ: ಆ ವಿಭಾಗವನ್ನು ಹೊಸದಾಗಿ ನಿರ್ಮಿಸಿ ಬಿಸಿಡಿಬೂಟ್ ಎಂಬ ಆಜ್ಞೆಯನ್ನು ಕೊಟ್ಟರೆ, ಡಿಸ್ಕಿನಲ್ಲಿರುವ ವಿಂಡೋಸಿನಿಂದಲೇ ಬೇಕಾದ ಕಡತಗಳನ್ನು ಅದು ತಂದು ತುಂಬುತ್ತದೆ.

ಯಾವ ಪ್ರಸಂಗವೇ ಆಗಲಿ, ಮೊದಲು ಮಾಡತಕ್ಕದ್ದು ಒಂದೇ: ಡಿಸ್ಕಿನ ಮೇಲೆ ಏನನ್ನೂ ಬರೆಯದಿರುವುದು. ಪೆನ್ ಡ್ರೈವಿನಿಂದಲೇ ನಡೆಯುವ ಲಿನಕ್ಸಿನಿಂದ ಯಂತ್ರವನ್ನು ಎಬ್ಬಿಸಿ ಒಳಗಿನ ಕಡತಗಳು ಕಾಣುತ್ತವೆಯೆ ಎಂದು ನೋಡಬೇಕು. ಕಂಡರೆ ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಂಡು ಆಮೇಲೆ ನಿಶ್ಚಿಂತೆಯಿಂದ ಚಿಕಿತ್ಸೆಗೆ ತೊಡಗಬಹುದು. ಪಾರ್ಟಿಷನ್ನೇ ಕಾಣದಿದ್ದರೆ, ಕ್ರಿಸ್ಟೋಫ್ ಗ್ರೆನಿಯೆ ಎಂಬವರು ರಚಿಸಿ ಉಚಿತವಾಗಿ ಕೊಟ್ಟಿರುವ ಟೆಸ್ಟ್‌ಡಿಸ್ಕ್ ಎಂಬ ಕಾರ್ಯಕ್ರಮವುಂಟು. ಅದು ಪಟ್ಟಿಯನ್ನು ನಂಬುವುದಿಲ್ಲ. ಹೊಲವನ್ನೇ ನಡೆದು ಗಡಿಕಲ್ಲುಗಳನ್ನು ಹುಡುಕುತ್ತದೆ. ಪ್ರತಿಯೊಂದು ಪಾರ್ಟಿಷನ್ನಿನ ಒಳಗೂ ಅದರ ಬಗೆಯನ್ನೂ ಅಳತೆಯನ್ನೂ ಹೇಳುವ ಗುರುತುಗಳಿವೆ. ಎನ್‌ಟಿಎಫ್‌ಎಸ್ ವ್ಯವಸ್ಥೆಯು ತನ್ನ ಮೊದಲ ಸೆಕ್ಟರಿನ ಪ್ರತಿಯನ್ನು ಪಾರ್ಟಿಷನ್ನಿನ ಕೊನೆಯಲ್ಲಿ ಇಟ್ಟುಕೊಂಡಿರುತ್ತದೆ; ಲಿನಕ್ಸಿನ ಎಕ್ಸ್ಟ್-೪ ವ್ಯವಸ್ಥೆಯಂತೂ ತನ್ನ ಮುಖ್ಯ ದಾಖಲೆಯ ಪ್ರತಿಗಳನ್ನು ಹಲವೆಡೆ ಹುದುಗಿಸಿರುತ್ತದೆ. ಇವುಗಳಿಂದ ಕಳೆದುಹೋದ ಪಟ್ಟಿಯನ್ನು ಬಹುಮಟ್ಟಿಗೆ ಮರಳಿ ಬರೆಯಬಹುದು. ಸೆಕ್ಟರುಗಳೇ ಕೆಟ್ಟು ಡಿಸ್ಕು ಸದ್ದು ಮಾಡುತ್ತಿದ್ದರೆ ಮಾತ್ರ ಈ ಪ್ರಯೋಗಗಳನ್ನೆಲ್ಲ ಬಿಟ್ಟು ಬಲ್ಲವರಲ್ಲಿಗೆ ಹೋಗುವುದು ಲೇಸು.

ಅಂಗಡಿಯವರ ಪಕ್ಷದಲ್ಲಿಯೂ ಹೇಳತಕ್ಕ ಮಾತುಗಳಿವೆ. ಫಾರ್ಮ್ಯಾಟು ಹಿಡಿದ ಗಳಿಗೆಗೆ ಮುಗಿಯುವ, ಫಲ ಖಚಿತವಾದ ಕೆಲಸ. ರೋಗವನ್ನು ಹುಡುಕುತ್ತ ಕೂರುವುದಕ್ಕೆ ಎಷ್ಟು ಹೊತ್ತಾದೀತೆಂದು ಮುಂಚಿತವಾಗಿ ಹೇಳಲಾಗದು, ಗಿರಾಕಿ ಅದಕ್ಕೆ ಹಣ ಕೊಡಲು ಒಪ್ಪುವುದೂ ಕಷ್ಟ. ನಿಜವಾಗಿಯೇ ಕೈಮೀರಿದ ಪ್ರಸಂಗಗಳೂ ಇವೆ. ಪಾರ್ಟಿಷನ್ನನ್ನು ಬರಿದೆ ಅಳಿಸುವುದು ಬೇರೆ, ಅದನ್ನು ಎಡಕ್ಕೋ ಬಲಕ್ಕೋ ಸರಿಸುವುದು ಬೇರೆ; ಸರಿಸುವಾಗ ಒಳಗಿನದೆಲ್ಲವೂ ಸ್ಥಳ ಬದಲಿಸಬೇಕಾಗುತ್ತದೆ, ನಡುವೆ ಕರೆಂಟು ಹೋದರೆ ಅರ್ಧ ಇತ್ತ ಅರ್ಧ ಅತ್ತ. ಈಗಿನ ಎಸ್‌ಎಸ್‌ಡಿಗಳಲ್ಲಿ ಟ್ರಿಮ್ ಎಂಬ ಏರ್ಪಾಟಿದ್ದು, ಫಾರ್ಮ್ಯಾಟ್ ಮಾಡಿದ ಪ್ರದೇಶವನ್ನು ಡಿಸ್ಕೇ ಖಾಲಿಯೆಂದು ಬಗೆದು ಒರೆಸಿಹಾಕಬಹುದು. ಹಳೆಯ ಡಿಸ್ಕುಗಳಲ್ಲಿ ತಪ್ಪು ಫಾರ್ಮ್ಯಾಟಿನ ಬಳಿಕವೂ ಉಳಿಯುತ್ತಿದ್ದ ಆಸೆ ಇಲ್ಲಿ ಬಹುಶಃ ಉಳಿಯದು. ಆದರೆ ಇದು ಫಾರ್ಮ್ಯಾಟಿಗೆ ಆತುರಪಡಬಾರದೆಂಬುದಕ್ಕೇ ಇನ್ನೊಂದು ಕಾರಣವಾಯಿತು. ಹಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿನ ಬರವಣಿಗೆಯೆಲ್ಲ ಗೂಢಲಿಪಿಯಲ್ಲಿರುತ್ತದೆ. ಏಳುವ ಏರ್ಪಾಟನ್ನು ಬದಲಿಸಿದೊಡನೆ ಬಿಟ್‌ಲಾಕರ್ ೪೮ ಅಂಕಿಗಳ ಕೀಲಿಯನ್ನು ಕೇಳುತ್ತದೆ. ಆ ಕೀಲಿ ಇಲ್ಲದವನಿಗೆ ಮೇಲೆ ಹೇಳಿದ ಯಾವ ಉಪಾಯವೂ ನಡೆಯದು.

ಇವನ್ನೆಲ್ಲ ಒಪ್ಪಿಕೊಂಡೂ ನಾವು ಕೇಳುವುದಿಷ್ಟು: ಫಾರ್ಮ್ಯಾಟ್ ಮಾಡುವ ಮುಂಚೆ ಒಳಗಿನದನ್ನು ಹೊರತೆಗೆಯಲು ಪ್ರಯತ್ನಿಸಲೆ ಎಂದು ಗಿರಾಕಿಯನ್ನು ಕೇಳುವ ಪದ್ಧತಿ ಅಂಗಡಿಗಳಲ್ಲಿ ಬರಲಿ, ಅದಕ್ಕೆ ತಕ್ಕ ಕೂಲಿಯನ್ನೂ ಅವರು ಪಡೆಯಲಿ. ಕಾಲೇಜುಗಳಲ್ಲಿ, ಕಂಪ್ಯೂಟರಿನ ಪ್ರಯೋಗಶಾಲೆಯಲ್ಲಿ ಕಾರ್ಯಕ್ರಮ ಬರೆಯುವುದನ್ನು ಕಲಿಸುವಂತೆಯೇ ಯಂತ್ರವು ಏಳುವ ಬಗೆಯನ್ನೂ ಒಂದು ಪ್ರಯೋಗವಾಗಿ ಮಾಡಿಸಲಿ. ಇದಕ್ಕೆ ಖರ್ಚೇನೂ ಇಲ್ಲ. ವರ್ಚುಯಲ್ ಬಾಕ್ಸಿನಂಥ ಕಾರ್ಯಕ್ರಮದಲ್ಲಿ ಒಂದು ಹುಸಿಯಂತ್ರವನ್ನು ನಿರ್ಮಿಸಿ, ಅದರ ಪಾರ್ಟಿಷನ್ನನ್ನು ಬೇಕೆಂದೇ ಅಳಿಸಿ, ಏಳದಂತಾದದ್ದನ್ನು ಮತ್ತೆ ಏಳಿಸುವ ಪ್ರಯೋಗವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದು. ಹೈಸ್ಕೂಲಿನ ವಿದ್ಯಾರ್ಥಿಯೂ ಆ ೫೧೨ ಬೈಟುಗಳನ್ನು ಪರದೆಯ ಮೇಲೆ ತೆರೆದು ಕೊನೆಯ ಎರಡು ಬೈಟುಗಳ ಮುದ್ರೆಯನ್ನು ಕಣ್ಣಾರೆ ಕಾಣಬಲ್ಲನು.

ಅದಕ್ಕೆ ಕಾಯದೆ ಈ ದಿನವೇ ಮಾಡಬಹುದಾದ ಕೆಲಸವೊಂದುಂಟು. ಲಿನಕ್ಸಿನಲ್ಲಿ ಎಸ್‌ಎಫ್‌ಡಿಸ್ಕ್ ಎಂಬ ಉಪಕರಣಕ್ಕೆ ಡಂಪ್ ಎಂದು ಆಜ್ಞಾಪಿಸಿದರೆ ಡಿಸ್ಕಿನ ಇಡೀ ಪಾರ್ಟಿಷನ್ ಪಟ್ಟಿ ಕೆಲವೇ ಸಾಲುಗಳ ಬರಹವಾಗಿ ಹೊರಬರುತ್ತದೆ. ಮುಂದೊಂದು ದಿನ ಅದೇ ಸಾಲುಗಳನ್ನು ಅದೇ ಉಪಕರಣಕ್ಕೆ ಉಣಿಸಿದರೆ ಪಟ್ಟಿಯು ಹಿಂದಿನಂತೆ ಆಗುತ್ತದೆ. ನೋಟುಪುಸ್ತಕದ ಒಂದು ಹಾಳೆಗೆ ಸಾಲುವಷ್ಟು ಬರಹ. ಅದರ ಕೆಳಗೆ ಬಿಟ್‌ಲಾಕರಿನ ೪೮ ಅಂಕಿಗಳನ್ನೂ ಬರೆದು, ಅಂಕಪಟ್ಟಿಗಳನ್ನು ಇಟ್ಟಿರುವ ಬೀರುವಿನಲ್ಲಿ ಇಡಬಹುದು. ಅದೇ ಡಿಸ್ಕಿನಲ್ಲಿ ಮಾತ್ರ ಬೇಡ.