ನಕ್ಷೆ ಒಂದಾದ ಮೇಲೆ

ಮಂಗಳೂರಿನಲ್ಲಿ ಮೂರು ರೈಲ್ವೆಗಳ ಗಡಿ ಕೂಡುತ್ತದೆ. ಸೆಂಟ್ರಲ್ ಮತ್ತು ಜಂಕ್ಷನ್ ನಿಲ್ದಾಣಗಳು ಪಾಲಕ್ಕಾಡ್ ವಿಭಾಗದವು, ಅಂದರೆ ಚೆನ್ನೈ ಕೇಂದ್ರದ ದಕ್ಷಿಣ ರೈಲ್ವೆಗೆ ಸೇರಿದವು. ಪಡೀಲು ದಾಟಿ ಸುಬ್ರಹ್ಮಣ್ಯದ ಕಡೆ ಹೊರಟರೆ ಹುಬ್ಬಳ್ಳಿ ಕೇಂದ್ರದ ನೈಋತ್ಯ ರೈಲ್ವೆ. ತೋಕೂರಿನಿಂದ ಬಡಗಕ್ಕೆ ಕೊಂಕಣ ರೈಲ್ವೆ. ಅದರ ಮುಖ್ಯ ಕಚೇರಿ ನವಿ ಮುಂಬಯಿಯಲ್ಲಿ. ದಕ್ಷಿಣ ಕನ್ನಡ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದ್ದು 1956ರ ನವೆಂಬರ್ 1ರಂದು. 1907ರಲ್ಲಿ ಮದರಾಸಿನ ಕಡೆಯಿಂದ ಬಂದ ಹಳಿಯ ಆಡಳಿತ ಮಾತ್ರ ಇನ್ನೂ ಅತ್ತ ಕಡೆಯೇ ಉಳಿದಿದೆ. ಹಾಸನದಿಂದ ಘಟ್ಟ ಇಳಿದು ಬರುವ ಹಳಿ ಮುಗಿದದ್ದೇ 1979ರಲ್ಲಿ, ಏಕೀಕರಣವಾಗಿ 23 ವರ್ಷಗಳ ಮೇಲೆ.

ರಾಜ್ಯೋತ್ಸವದ ಹೊತ್ತಿಗೆ ಏಕೀಕರಣದ ಕಥೆ ಮತ್ತೆ ಮತ್ತೆ ಕೇಳಿಬರುತ್ತದೆ. ಅದೇ ವರ್ಷಗಳಲ್ಲಿ ಯುರೋಪಿನಲ್ಲೂ ಒಂದು ಏಕೀಕರಣ ನಡೆಯುತ್ತಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ನಮ್ಮ ಕಥೆಯಲ್ಲಿ ಎದ್ದು ಕಾಣದ ಕೆಲವು ಸಂಗತಿಗಳು ಕಾಣುತ್ತವೆ.

ಯುರೋಪಿನ ಒಡಕು ಮಂಗಳೂರಿಗೆ ಬರೀ ಪುಸ್ತಕದ ವಿಷಯವಲ್ಲ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್ ಸ್ವಿಟ್ಜರ್ಲೆಂಡಿನದು; ಅದರ ಪಾದ್ರಿಗಳಲ್ಲಿ ಅನೇಕರು ಜರ್ಮನ್ನರು. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರಕಾರಕ್ಕೆ ಅವರು ಶತ್ರು ದೇಶದವರಾದರು. ಹಲವರು ಬಂಧನಕ್ಕೆ ಒಳಗಾದರು, ಮಿಶನ್ನಿನ ಹಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಫ್ರಾನ್ಸ್ ಮತ್ತು ಜರ್ಮನಿ ಕಾದಾಡಿದ್ದಕ್ಕೆ ಜೆಪ್ಪುವಿನ ಕಾರ್ಖಾನೆಯ ಯಜಮಾನರು ಬದಲಾದರು.

ಎರಡನೆಯ ಯುದ್ಧ ನಡೆಯುತ್ತಿದ್ದಾಗ, 1941ರಲ್ಲಿ, ಇಟಲಿಯ ವೆಂತೊತೇನೆ ದ್ವೀಪದಲ್ಲಿ ಮುಸೊಲಿನಿಯ ಕೈದಿಗಳಾಗಿದ್ದ ಆಲ್ತಿಯೇರೊ ಸ್ಪಿನೆಲ್ಲಿ ಮತ್ತು ಎರ್ನೆಸ್ಟೊ ರೊಸ್ಸಿ ಸಂಯುಕ್ತ ಯುರೋಪಿನ ಪ್ರಣಾಳಿಕೆಯನ್ನು ಸಿಗರೇಟು ಕಾಗದದ ಮೇಲೆ ಬರೆದರು. ದೇಶಗಳು ತಮ್ಮ ಸಾರ್ವಭೌಮತ್ವವನ್ನೇ ಒಂದು ಮೇಲಿನ ಸರಕಾರಕ್ಕೆ ಒಪ್ಪಿಸದೆ ಯುದ್ಧ ನಿಲ್ಲದು ಎಂಬುದು ಅವರ ವಾದ. 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಸಚಿವ ರಾಬರ್ಟ್ ಶೂಮನ್ ಹಿಡಿದ ದಾರಿ ಬೇರೆ. ಮೊದಲು ಕಲ್ಲಿದ್ದಲು ಮತ್ತು ಉಕ್ಕು ಒಂದಾಗಲಿ, ಒಕ್ಕೂಟ ಆಮೇಲೆ ಎಂದರು. ಅದರ ಹಿಂದಿದ್ದ ತಲೆ ಝಾನ್ ಮೊನೆಯದು. 1951ರಲ್ಲಿ ಆರು ದೇಶಗಳು ಸಹಿ ಹಾಕಿದವು. ಉಕ್ಕಿಗೆ ಒಪ್ಪಿದವರು ಸೈನ್ಯಕ್ಕೆ ಒಪ್ಪಲಿಲ್ಲ: ಒಂದೇ ಯುರೋಪಿಯನ್ ಸೇನೆ ಕಟ್ಟುವ ಒಪ್ಪಂದವನ್ನು 1954ರ ಆಗಸ್ಟ್ 30ರಂದು ಫ್ರಾನ್ಸಿನ ಸಂಸತ್ತೇ ಮೂಲೆಗೆ ಹಾಕಿತು. 2005ರಲ್ಲಿ ಯುರೋಪಿನ ಸಂವಿಧಾನದ ಕರಡನ್ನು ಫ್ರಾನ್ಸ್ ಮತ್ತು ನೆದರ್ಲೆಂಡ್ಸಿನ ಮತದಾರರು ತಿರಸ್ಕರಿಸಿದರು. 2020ರ ಜನವರಿ 31ರಂದು ಬ್ರಿಟನ್ ಹೊರಟೇ ಹೋಯಿತು. ಮಾರುಕಟ್ಟೆ, ನಾಣ್ಯ, ಪಾಸ್‌ಪೋರ್ಟ್ ಮಟ್ಟಿಗೆ ಸಲೀಸಾಗಿ ನಡೆದ ಗಾಡಿ ರಾಜಕೀಯದ ಏರಿನಲ್ಲಿ ಪ್ರತಿ ಸಲವೂ ನಿಂತಿದೆ.

ಕನ್ನಡನಾಡು ನಡೆದದ್ದು ಇದಕ್ಕೆ ತಿರುಗಾಮುರುಗಾ. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದ ಜನಕ್ಕೆ ಸಮಾನ ಮಾರುಕಟ್ಟೆಯಾಗಲಿ ರಸ್ತೆಯಾಗಲಿ ಇರಲಿಲ್ಲ. ಇದ್ದದ್ದು ಒಂದು ಹೆಸರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1924ರಲ್ಲಿ ಬೆಳಗಾವಿಯಲ್ಲಿ, ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ, ಸಿದ್ದಪ್ಪ ಕಂಬಳಿ ಅವರ ಅಧ್ಯಕ್ಷತೆಯಲ್ಲಿ ಏಕೀಕರಣದ ಮೊದಲ ಸಮ್ಮೇಳನ ನಡೆಯಿತು. ಅದೇ ವರ್ಷ ಮಂಗಳೂರಿನಲ್ಲಿ ಒಂದು ಬ್ಯಾಂಕು ತೆರೆಯಿತು. ಮದರಾಸು ಪ್ರಾಂತದ ಊರಿನಲ್ಲಿ ಕುಳಿತ ಅದರ ಸ್ಥಾಪಕರು, ಯಾವ ನಕ್ಷೆಯಲ್ಲೂ ಇಲ್ಲದ ನಾಡಿನ ಹೆಸರನ್ನು ಹಿಡಿದು ಅದನ್ನು ಕರ್ನಾಟಕ ಬ್ಯಾಂಕ್ ಎಂದು ಕರೆದರು.

ಮುಂದಿನ ಕೆಲಸವನ್ನು ದಿಲ್ಲಿ ಮಾಡಿತು. 1953ರ ಡಿಸೆಂಬರಿನಲ್ಲಿ ನೇಮಕವಾದ ಫಜಲ್ ಅಲಿ ಆಯೋಗ 1955ರ ಸೆಪ್ಟೆಂಬರ್ 30ರಂದು ವರದಿ ಕೊಟ್ಟಿತು. ಹದಿಮೂರು ತಿಂಗಳಲ್ಲಿ ಹೊಸ ರಾಜ್ಯವಿತ್ತು. ಸಂವಿಧಾನದ 3ನೇ ವಿಧಿಯಂತೆ ರಾಜ್ಯಗಳ ಗಡಿ ಬದಲಿಸಲು ಸಂಸತ್ತಿನ ಸಾಧಾರಣ ಬಹುಮತ ಸಾಕು, ರಾಜ್ಯಗಳ ಅಭಿಪ್ರಾಯ ಕೇಳಿದರಾಯಿತು. ಬ್ರಸೆಲ್ಸಿನಲ್ಲಿ ಒಪ್ಪಂದದ ಒಂದು ಸಾಲು ತಿದ್ದಲೂ ಎಲ್ಲ 27 ದೇಶಗಳು ಒಪ್ಪಬೇಕು. ನಾವು ಬೇಗ ಒಂದಾದೆವೆಂದು ಹೆಮ್ಮೆಪಡುವವರು ಈ ಸೌಲಭ್ಯವನ್ನು ನೆನೆಯಬೇಕು. ಬೇಗ ಮುಗಿದ ಕೆಲಸಕ್ಕೆ ಬಾಕಿಯೂ ಹೆಚ್ಚು.

ಆ ಬಾಕಿಯ ಲೆಕ್ಕ ಈಗಲೂ ತೀರಿಲ್ಲ. ಹಿಂದುಳಿದ ಜಿಲ್ಲೆಗಳ ಹೊರೆ ನಮಗೇಕೆ ಎಂದು ಹಳೆ ಮೈಸೂರಿನ ಕೆಲವು ನಾಯಕರು ಅಂದು ಕೇಳಿದ್ದರು. ಗ್ರೀಸಿನ ಸಾಲದ ಬಿಕ್ಕಟ್ಟಿನಲ್ಲಿ ಜರ್ಮನಿ ಕೇಳಿದ್ದೂ ಅದನ್ನೇ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ತೀರಾ ಹಿಂದುಳಿದಿವೆ ಎಂದು ಪಟ್ಟಿ ಕೊಟ್ಟಿತು. ಹೈದರಾಬಾದ್ ಕರ್ನಾಟಕಕ್ಕೆ 371(ಜೆ) ವಿಧಿ ಬರಲು ಇನ್ನೂ ಹತ್ತು ವರ್ಷ ಬೇಕಾಯಿತು. ಯುರೋಪಿನ ಸಂಸತ್ತು ಬ್ರಸೆಲ್ಸಿನಿಂದ ಸ್ಟ್ರಾಸ್‌ಬರ್ಗಿಗೆ ಪೆಟ್ಟಿಗೆ ಕಟ್ಟಿಕೊಂಡು ಹೋಗುವುದನ್ನು ಕಂಡು ನಗುವವರು, ಚಳಿಗಾಲದ ಅಧಿವೇಶನಕ್ಕೆ ಬೆಂಗಳೂರಿನಿಂದ ಬೆಳಗಾವಿಗೆ ಹೊರಡುವ ಕಡತಗಳನ್ನೂ ನೋಡಬಹುದು. ಕರಾವಳಿಯ ಪಾಲಿಗೆ ಇನ್ನೊಂದು ಸೂಕ್ಷ್ಮವಿದೆ. ಕನ್ನಡದ ಹೆಸರಿನಲ್ಲಿ ರಾಜ್ಯ ಸೇರಿದ ಈ ಜಿಲ್ಲೆಯ ಮನೆಗಳಲ್ಲಿ ಹೆಚ್ಚಾಗಿ ಕೇಳುವುದು ತುಳು, ಜೊತೆಗೆ ಕೊಂಕಣಿ ಮತ್ತು ಬ್ಯಾರಿ. ಯುರೋಪಿಗೆ 24 ಅಧಿಕೃತ ಭಾಷೆಗಳಿದ್ದರೂ ಕ್ಯಾಟಲನ್ ಅವುಗಳಲ್ಲಿಲ್ಲ. ನಮ್ಮ ಎಂಟನೇ ಪರಿಚ್ಛೇದದಲ್ಲಿ ತುಳು ಇಲ್ಲ.

ಎಲ್ಲಕ್ಕಿಂತ ದೊಡ್ಡ ಬಾಕಿ ಕಾಸರಗೋಡು. ದಕ್ಷಿಣ ಕನ್ನಡದ ತಾಲ್ಲೂಕಾಗಿದ್ದ ಅದು 1956ರಲ್ಲಿ ಕೇರಳಕ್ಕೆ ಹೋಯಿತು. ಕಯ್ಯಾರ ಕಿಞ್ಞಣ್ಣ ರೈ ಅವರಂಥವರು ಬದುಕಿನುದ್ದಕ್ಕೂ ಅದಕ್ಕಾಗಿ ಹೋರಾಡಿದರು. ಚಂದ್ರಗಿರಿ ಹೊಳೆಯ ಬಡಗಣ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು ಕಾಗದದಲ್ಲೇ ಉಳಿಯಿತು.

ಗೆರೆ ಯಾರ ಪರವಾಗಿದ್ದರೂ ಅದು ಎಷ್ಟು ಗಟ್ಟಿಯಾಗಬಲ್ಲದು ಎಂಬುದು 2020ರ ಮಾರ್ಚಿನಲ್ಲಿ ತಿಳಿಯಿತು. ಕೋವಿಡ್ ಭಯದಲ್ಲಿ ಕರ್ನಾಟಕ ತಲಪಾಡಿಯ ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿಯಲಾಯಿತು. ತಲೆಮಾರುಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಆಂಬುಲೆನ್ಸಿನಲ್ಲೇ ತಡೆಯಲ್ಪಟ್ಟರು, ಕೆಲವರು ಚಿಕಿತ್ಸೆ ಸಿಗದೆ ತೀರಿಕೊಂಡರು. ಕನ್ನಡಿಗರ ನೆಲವೆಂದು ನಾವು ಹಕ್ಕು ಸಾಧಿಸುವ ಊರಿನವರೇ ಅವರು. ಕೇರಳ ಹೈಕೋರ್ಟ್, ಆಮೇಲೆ ಸುಪ್ರೀಂ ಕೋರ್ಟ್ ನೋಡಬೇಕಾಯಿತು. ರೋಗಿಗಳನ್ನು ಬಿಡುವ ವ್ಯವಸ್ಥೆಗೆ ಒಪ್ಪಿಗೆಯಾದದ್ದು ಏಪ್ರಿಲ್ 7ರ ಹೊತ್ತಿಗೆ. ಯುರೋಪಿನಲ್ಲೂ ಆ ಮಾರ್ಚಿನಲ್ಲಿ ದೇಶದ ಮೇಲೆ ದೇಶ ಗಡಿ ಮುಚ್ಚಿತು; ಗಡಿಯಿಲ್ಲದ ಓಡಾಟಕ್ಕೆಂದು 1985ರಲ್ಲಿ ಸಹಿಯಾದ ಶೆಂಗೆನ್ ಒಪ್ಪಂದ ನೋಡುತ್ತಾ ಕುಳಿತಿತು.

ಆದರೆ ಯುರೋಪು ಇದೇ ವಿಷಯದಲ್ಲಿ ಒಂದು ಒಳ್ಳೆಯ ಮಾದರಿಯನ್ನೂ ಕೊಟ್ಟಿದೆ. ಪಿರನೀಸ್ ಪರ್ವತದ ಸೆರ್ದಾನ್ಯ ಕಣಿವೆಯನ್ನು ಫ್ರಾನ್ಸ್ ಮತ್ತು ಸ್ಪೇನ್ ಹಂಚಿಕೊಂಡಿವೆ. 2014ರಲ್ಲಿ ಗಡಿಯ ಸ್ಪೇನ್ ಬದಿಯಲ್ಲಿ, ಒಕ್ಕೂಟದ ಹಣವನ್ನೂ ಸೇರಿಸಿ, ಇಬ್ಬರೂ ನಡೆಸುವ ಆಸ್ಪತ್ರೆ ತೆರೆಯಿತು. ಮೊದಮೊದಲು ಜನನ ನೋಂದಣಿಯಂಥ ತೊಡಕುಗಳು ಬಂದರೂ ಎರಡೂ ಕಡೆಯ ಜನ ಅಲ್ಲೇ ಚಿಕಿತ್ಸೆ ಪಡೆಯುತ್ತಾರೆ. ಗಡಿ ಅಲ್ಲೇ ಇದೆ, ಯಾರೂ ಅದನ್ನು ಅಳಿಸಿಲ್ಲ.

ಮಹಾಜನ ವರದಿಯ ವಾದ ನಡೆಯುತ್ತಿರಲಿ. ಅದಕ್ಕೆ ಕಾಯದೆ ಬೆಂಗಳೂರು ಮತ್ತು ತಿರುವನಂತಪುರ ಕೂತು ಮಾಡಬಹುದಾದ ಒಪ್ಪಂದವೊಂದಿದೆ: ಯಾವ ತುರ್ತು ಬಂದರೂ ತಲಪಾಡಿಯಲ್ಲಿ ಆಂಬುಲೆನ್ಸ್ ನಿಲ್ಲಬಾರದು, ಎರಡೂ ರಾಜ್ಯಗಳ ಆರೋಗ್ಯ ಕಾರ್ಡು ಗಡಿಯಾಚೆಗೂ ನಡೆಯಬೇಕು. ಈ ನವೆಂಬರಿನಲ್ಲಿ ಧ್ವಜ ಏರಿಸಲು ಬರುವ ಸಚಿವರನ್ನು, ಶಾಸಕರನ್ನು ಓದುಗರು ಇದೊಂದನ್ನು ಕೇಳಲಿ.