ಕ್ವಾರ್ಟರ್‌ಬ್ಯಾಕ್ ರೆಡಿ ಸ್ವಾಮಿ, ಟೀಮು ರೆಡಿನಾ?

ಅಮೇರಿಕನ್ ಫುಟ್ಬಾಲ್ ನೋಡೋರಿಗೆ ಪ್ರತಿ ಏಪ್ರಿಲ್‌ನಲ್ಲಿ ಒಂದು ಹಬ್ಬ, ಎನ್‌ಎಫ್‌ಎಲ್ ಡ್ರಾಫ್ಟ್. ಕಾಲೇಜಿನಿಂದ ಬರೋ ಹುಡುಗರನ್ನ 32 ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಆ ತಿಂಗಳು ಪೂರ್ತಿ ಟೀವಿ ಪಂಡಿತರದ್ದು ಒಂದೇ ರಾಗ: "ಈ ಕ್ವಾರ್ಟರ್‌ಬ್ಯಾಕ್ ರೆಡಿ ಇದ್ದಾನಾ?" ನನ್ನ ಪ್ರಕಾರ ಇದು ಅರ್ಧ ಪ್ರಶ್ನೆ. ಉಳಿದರ್ಧ ಕೇಳೋಕೆ ಯಾರಿಗೂ ಧೈರ್ಯ ಇಲ್ಲ.

(ಗೊತ್ತಿಲ್ಲದವರಿಗೆ: ಚೆಂಡು ಕೈಗೆ ಬಂದು ಮೂರು ಸೆಕೆಂಡಿನ ಆಸುಪಾಸಿನಲ್ಲಿ ಎದುರಾಳಿಗಳ ಲೆಕ್ಕಾಚಾರ ಓದಿ, ಯಾರಿಗೆ ಎಸೀಬೇಕು ಅಂತ ತೀರ್ಮಾನ ಮಾಡೋನು ಕ್ವಾರ್ಟರ್‌ಬ್ಯಾಕ್. ಅಷ್ಟರಲ್ಲಿ ನೂರಿಪ್ಪತ್ತು ಕೆಜಿ ಆಸಾಮಿಗಳು ಮೇಲೆ ಬೀಳೋಕೆ ಓಡಿ ಬರ್ತಿರ್ತಾರೆ!)

ಇದನ್ನ ಅಳೆಯೋದು ಹೇಗೆ? ಅಂಗೈ ಅಗಲ, ಎತ್ತರ, 40 ಗಜದ ಓಟ. ಬುದ್ಧಿ ಅಳೆಯೋಕೆ ವಂಡರ್ಲಿಕ್ ಅಂತ ಒಂದು ಪರೀಕ್ಷೆ ಬೇರೆ ಇತ್ತು, 12 ನಿಮಿಷಕ್ಕೆ 50 ಪ್ರಶ್ನೆ. ನಮ್ಮ ಕ್ಯಾಂಪಸ್ ಇಂಟರ್‌ವ್ಯೂನ ಆಪ್ಟಿಟ್ಯೂಡ್ ಟೆಸ್ಟ್ ನೆನಪಾಯ್ತಾ? ರೈಲಿನ ಲೆಕ್ಕ ಬಿಡಿಸಿದವನು ಒಳ್ಳೇ ಕೋಡ್ ಬರೀತಾನೆ ಅಂತ ನಂಬಿದ ಹಾಗೆಯೇ ಇದೂ. 2022ರಲ್ಲಿ ಕೊನೆಗೂ ಅದನ್ನ ಕೈಬಿಟ್ಟರು.

ಟಾಮ್ ಬ್ರೇಡಿ 40 ಗಜ ಓಡೋಕೆ 5.28 ಸೆಕೆಂಡ್ ತಗೊಂಡ. 2000ದ ಡ್ರಾಫ್ಟ್‌ನಲ್ಲಿ 199ನೆಯವನಾದ, ಏಳು ಸೂಪರ್ ಬೌಲ್ ಗೆದ್ದ. 2007ರಲ್ಲಿ ತೋಳಿನ ಬಲ ನೋಡಿ ಮೊದಲನೆಯವನಾಗಿ ಆರಿಸಿದ ಜಮಾರ್ಕಸ್ ರಸೆಲ್‌ನನ್ನ 2010ಕ್ಕೇ ಮನೆಗೆ ಕಳಿಸಿದರು. ಅಯೋವಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿ ಪಳಗಿದ್ದ ಬ್ರಾಕ್ ಪರ್ಡಿ 2022ರಲ್ಲಿ 262ನೆಯವನು, ಅಂದ್ರೆ ಕಟ್ಟಕಡೆಯವನು. 2024ರ ಫೆಬ್ರವರಿಗೆ ಸೂಪರ್ ಬೌಲ್ ಆಡ್ತಿದ್ದ. ಪಟ್ಟಿ ಸಾಕು ಬಿಡಿ.

ನನ್ನ ಸಿಟ್ಟು ಅಳತೆಪಟ್ಟಿ ಮೇಲಷ್ಟೇ ಅಲ್ಲ. ಡ್ರಾಫ್ಟ್‌ನ ನಿಯಮ ನೋಡಿ: ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಆಯ್ಕೆ. ಅಂದ್ರೆ ಅತಿ ಹೆಚ್ಚು ನಿರೀಕ್ಷೆ ಹೊತ್ತ ಹುಡುಗ ಹೋಗಿ ಬೀಳೋದು ಸಾಮಾನ್ಯವಾಗಿ ಅತಿ ಹಾಳುಬಿದ್ದ ಮನೆಗೆ!

2005ರ ಮೊದಲ ಆಯ್ಕೆ ಅಲೆಕ್ಸ್ ಸ್ಮಿತ್. ಮೊದಲ ವರ್ಷ ಅವನ ಟಚ್‌ಡೌನ್ ಪಾಸ್ 1, ಎದುರಾಳಿಗೆ ಕೊಟ್ಟ ಚೆಂಡು 11. "ದಂಡಪಿಂಡ" ಅಂದರು. ಹೆಚ್ಚುಕಮ್ಮಿ ವರ್ಷಕ್ಕೊಬ್ಬ ಹೊಸ ಅಫೆನ್ಸ್ ಕೋಚ್, ವರ್ಷಕ್ಕೊಂದು ಹೊಸ ಭಾಷೆ. ಅದೇ ಸ್ಮಿತ್, ಜಿಮ್ ಹಾರ್ಬಾ ಕೋಚ್ ಆಗಿ ಬಂದ 2011ರಲ್ಲಿ ಇಡೀ ಲೀಗ್ ಹಂತದಲ್ಲಿ ಎದುರಾಳಿಗೆ ಕೊಟ್ಟಿದ್ದು ಬರೀ ಐದು ಚೆಂಡು, ತಂಡ ಗೆದ್ದಿದ್ದು 13 ಪಂದ್ಯ. ಆರು ವರ್ಷ ರೆಡಿ ಇಲ್ಲದೇ ಇದ್ದಿದ್ದು ಯಾರು ಹಾಗಾದ್ರೆ?

ಅದೇ 2005ರಲ್ಲಿ 24ನೆಯವನಾಗಿ ಹೋದ ಆರನ್ ರಾಜರ್ಸ್ ಮೂರು ವರ್ಷ ಬ್ರೆಟ್ ಫಾರ್ವ್ ಹಿಂದೆ ಕೂತು ಕಲಿತ. 2017ರಲ್ಲಿ ಪ್ಯಾಟ್ರಿಕ್ ಮಹೋಮ್ಸ್ ಕೂಡಾ ಒಂದು ವರ್ಷ ಕಾದ. ಯಾರ ಹಿಂದೆ ಗೊತ್ತಾ? ಇದೇ ಅಲೆಕ್ಸ್ ಸ್ಮಿತ್ ಹಿಂದೆ!

"ಪೇಟನ್ ಮ್ಯಾನಿಂಗ್ 1998ರಲ್ಲಿ ಮೊದಲ ದಿನವೇ ಆಡಲಿಲ್ವಾ?" ಅಂತೀರಿ. ಆಡಿದ. 28 ಚೆಂಡು ಎದುರಾಳಿಗೆ ಕೊಟ್ಟ, ತಂಡ ಗೆದ್ದಿದ್ದು ಮೂರೇ ಪಂದ್ಯ. ಆದ್ರೆ ಅವನನ್ನ ಬೆಂಚಿಗೆ ಕಳಿಸಲಿಲ್ಲ, ಟಾಮ್ ಮೂರ್ ಅನ್ನೋ ಒಬ್ಬನೇ ಅಫೆನ್ಸ್ ಕೋಚ್ ಹತ್ತು ವರ್ಷದ ಮೇಲೆ ಜೊತೆಗಿದ್ದ. ಬ್ರೈಸ್ ಯಂಗ್‌ನನ್ನ ನೋಡಿ. 2023ರ ಮೊದಲ ಆಯ್ಕೆ. ಆ ಸೀಸನ್ ಮುಗಿಯೋಕೆ ಮುಂಚೆಯೇ ಹೆಡ್ ಕೋಚ್‌ನ ಕೆಲಸ ಹೋಯ್ತು, ಮರುವರ್ಷ ಎರಡೇ ಪಂದ್ಯಕ್ಕೆ ಹುಡುಗನನ್ನ ಬೆಂಚಿಗೆ ತಳ್ಳಿದರು.

ರಸೆಲ್‌ನಂಥವರ ವಿಷಯದಲ್ಲಿ ಹುಡುಗನ ತಪ್ಪೂ ಇರುತ್ತೆ, ಇಲ್ಲ ಅನ್ನಲ್ಲ. ಆದ್ರೆ 22 ವರ್ಷದವನ ಹಣೆಗೆ "ರೆಡಿ ಇಲ್ಲ" ಅಂತ ಚೀಟಿ ಅಂಟಿಸೋ ಮುಂಚೆ ಅವನನ್ನ ಕೊಳ್ಳೋ ತಂಡಕ್ಕೂ ಒಂದು ಪರೀಕ್ಷೆ ಇಡಿ. ಕೋಚ್ ಮೂರು ವರ್ಷ ಉಳೀತಾನಾ? ಮುಂದೆ ನಿಂತು ಕಾಯೋ ಐದು ಜನ ಗಟ್ಟಿ ಇದ್ದಾರಾ? ಕಾಯೋ ತಾಳ್ಮೆ ಮಾಲೀಕನಿಗೆ ಇದೆಯಾ? 12 ನಿಮಿಷ ಬೇಡ, ಮೂರೇ ಪ್ರಶ್ನೆ. ಎಷ್ಟು ತಂಡ ಪಾಸಾಗ್ತವೆ ನೋಡೋಣ.